ಗೊಬ್ಬರ ಬೇಡದ ಗಿಡಕ್ಕೆ ಯಾವ ಮಣ್ಣು?



ಕೀಟಾಹಾರಿ ಸಸ್ಯಗಳನ್ನು ಕುಂಡದಲ್ಲಿ ಬೆಳೆಸುವ ಹವ್ಯಾಸ ಈಗ ನಮ್ಮ ನಗರಗಳಲ್ಲಿಯೂ ಹಬ್ಬುತ್ತಿದೆ. ಎಲೆಯನ್ನು ಬಾಯಿಯಂತೆ ಮುಚ್ಚಿ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್, ಹೂಜಿಯಂಥ ಎಲೆಯಲ್ಲಿ ಇರುವೆಯನ್ನು ಮುಳುಗಿಸುವ ನೆಪೆಂಥಿಸ್, ಎಲೆಯ ತುಂಬ ಅಂಟುಹನಿಗಳನ್ನು ಹೊತ್ತು ನಿಲ್ಲುವ ಡ್ರಾಸೆರಾ, ಇವೆಲ್ಲ ಇಂದು ಅಂತರಜಾಲದ ಅಂಗಡಿಗಳಲ್ಲಿ ದೊರೆಯುತ್ತವೆ. ಪೆಟ್ಟಿಗೆಯಲ್ಲಿ ಕುಳಿತು ಮನೆಬಾಗಿಲಿಗೆ ಬರುತ್ತವೆ. ಗಿಡದ ಬೆನ್ನಿಗೇ ಮಣ್ಣಿನ ಪ್ರಶ್ನೆಯೂ ಬರುತ್ತದೆ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ ಕೇಳಿದ್ದೂ ಅದನ್ನೇ. ಮಗಳಿಗಾಗಿ ತರಿಸಿದ ಗಿಡಕ್ಕೆ ನರ್ಸರಿಯ ಒಳ್ಳೆಯ ಮಣ್ಣನ್ನೇ ಹಾಕಿದ್ದನಂತೆ. ಮೂರು ವಾರದಲ್ಲಿ ಅದು ಕಪ್ಪಾಗಿ ಕೊಳೆಯಿತು. "ಸರ್, ಕಣಕುಂಬಿ ಗುಡ್ಡದ ಮ್ಯಾಲೆ ಇಂಥಾ ಗಿಡ ತಾವ ಬೆಳೀತಾವ ಅಂತ ಸಾಲ್ಯಾಗ ನೀವ ಹೇಳಿದ್ರಿ. ಅಲ್ಲಿದ ಒಂದ ಚೀಲ ಮಣ್ಣ ಕಳಿಸಿಕೊಡ್ತೀರೇನ್ರಿ?" ಎಂದು ಕೇಳಿದ.

ಕೇಳಿದ್ದರಲ್ಲಿ ತರ್ಕವಿದೆ. ಗಿಡ ಎಲ್ಲಿ ತಾನಾಗಿಯೇ ಬೆಳೆಯುತ್ತದೆಯೋ ಅಲ್ಲಿಯ ಮಣ್ಣೇ ಅದಕ್ಕೆ ಒಗ್ಗುವ ಮಣ್ಣಲ್ಲವೇ? ಆದರೂ ನಾನು ಕಳಿಸುವುದಿಲ್ಲವೆಂದೆ. ಅನಂತರ ಇನ್ನಿಬ್ಬರು ಇದನ್ನೇ ಕೇಳಿದ್ದರಿಂದ, ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುವುದು ಒಳ್ಳೆಯದೆಂದು ತೋರಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗಿಡಗಳಿಗೆ ಬೇಕಾದದ್ದು ಸತ್ವವಿಲ್ಲದ ಮಣ್ಣು. ಅದನ್ನು ಮನೆಯಲ್ಲಿಯೇ, ತೊಳೆದು ಸಿದ್ಧಪಡಿಸಿಕೊಳ್ಳಬಹುದು. ಅದಕ್ಕಾಗಿ ಖಾನಾಪುರದ ಬೆಟ್ಟದ ತಲೆಯನ್ನು ಕೆರೆಯುವುದು ಗಿಡಕ್ಕೂ ಹಿತವಲ್ಲ, ನಾಡಿಗೂ ಹಿತವಲ್ಲ.

ಮೊದಲು ಗಿಡದ ಸ್ವಭಾವವನ್ನು ತಿಳಿಯೋಣ. ಜಗತ್ತಿನಲ್ಲಿ ಸುಮಾರು 800 ಪ್ರಭೇದದ ಕೀಟಾಹಾರಿ ಸಸ್ಯಗಳಿವೆ. ಇವೆಲ್ಲವೂ ಇತರ ಹಸಿರು ಗಿಡಗಳಂತೆ ಸೂರ್ಯನ ಬೆಳಕಿನಲ್ಲಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಕೀಟವನ್ನು ಹಿಡಿಯುವುದು ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲ. ಸಾರಜನಕ, ರಂಜಕ ಮೊದಲಾದ ಪೋಷಕಾಂಶಗಳಿಗಾಗಿ. ಬೇರೆ ಗಿಡಗಳು ಇವುಗಳನ್ನು ಮಣ್ಣಿನಿಂದ ಬೇರಿನ ಮೂಲಕ ಪಡೆಯುತ್ತವೆ. ಮಣ್ಣಿನಲ್ಲಿ ಅವು ಇಲ್ಲದಲ್ಲಿ ನೆಲೆಸಿದ ಈ ಗಿಡಗಳು ಎಲೆಯ ಮೂಲಕ ಪಡೆಯುವ ದಾರಿಯನ್ನು ಕಂಡುಕೊಂಡವು.

ಇದನ್ನು ಪ್ರಯೋಗ ಮಾಡಿ ತೋರಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖ. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬಯಲಿನಲ್ಲಿ ಡ್ರಾಸೆರಾದ ಎಲೆಗಳಿಗೆ ಅಂಟಿದ್ದ ಕೀಟಗಳನ್ನು ಕಂಡು ಆತನ ಕುತೂಹಲ ಕೆರಳಿತು. ಎಲೆಗಳ ಮೇಲೆ ಹಾಲು, ಮೊಟ್ಟೆಯ ಬಿಳಿಭಾಗ, ಮಾಂಸದ ಸಾರು ಇವುಗಳ ಹನಿಯಿಟ್ಟರೆ ರೋಮಗಳು ಬಾಗಿ ಅಪ್ಪಿಕೊಂಡವು. ಸಕ್ಕರೆ, ಗೋಂದು, ಗಂಜಿ ಇವುಗಳ ಹನಿಯಿಟ್ಟರೆ ಅಲುಗಲಿಲ್ಲ. ಸಾರಜನಕ ಇರುವುದಾವುದು, ಇಲ್ಲದಿರುವುದಾವುದು ಎಂಬುದನ್ನು ಎಲೆಯೇ ಗುರುತಿಸುತ್ತಿತ್ತು. ಹದಿನೈದು ವರ್ಷಗಳ ಅನಂತರ, 1875ರಲ್ಲಿ, ಡಾರ್ವಿನ್ ಕೀಟಾಹಾರಿ ಸಸ್ಯಗಳ ಮೇಲೆ ಒಂದು ಇಡೀ ಪುಸ್ತಕವನ್ನೇ ಪ್ರಕಟಿಸಿದ. ಅವನ ಮಗ ಫ್ರಾನ್ಸಿಸ್ ಡಾರ್ವಿನ್ 1878ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಾಂಸದ ಚೂರು ಉಣಿಸಿದ ಡ್ರಾಸೆರಾ ಗಿಡಗಳು ಉಣಿಸದವುಗಳಿಗಿಂತ ಹೆಚ್ಚು ಬೀಜ ಕಟ್ಟುತ್ತವೆಂದು ತೋರಿಸಿದ.

ಹಾಗಾದರೆ ಅಷ್ಟು ಸಾರಜನಕವನ್ನು ಗೊಬ್ಬರವಾಗಿ ಬೇರಿಗೇ ಕೊಟ್ಟುಬಿಟ್ಟರೆ ಗಿಡಕ್ಕೆ ಶ್ರಮ ತಪ್ಪಲಿಲ್ಲವೇ ಎಂದು ಕೇಳಬಹುದು. ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬನಾದರೂ ಈ ಪ್ರಶ್ನೆ ಕೇಳುತ್ತಿದ್ದ. ಕೇಳಿದವನನ್ನು ನಾನು ಮೆಚ್ಚುತ್ತಿದ್ದೆ. ಇದಕ್ಕೆ ಉತ್ತರ ಎರಡು. ಒಂದು, ಈ ಗಿಡಗಳ ಬೇರು ಅಲ್ಪವಾದದ್ದು, ಲವಣಗಳ ಭಾರವನ್ನು ತಾಳಲಾರದ್ದು. ಗೊಬ್ಬರದ ಲವಣ ತಗುಲಿದರೆ ಸುಟ್ಟುಹೋಗುತ್ತದೆ. ಯುಟ್ರಿಕ್ಯುಲೇರಿಯಾ ಕುಲದ ಗಿಡಗಳಿಗಂತೂ ನಿಜವಾದ ಬೇರೇ ಇಲ್ಲ. ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಉತ್ತರ ಅಮೆರಿಕದ ಜೌಗು ಭೂಮಿಯಲ್ಲಿ ಸರಸೇನಿಯಾ ಎಂಬ ಹೂಜಿಗಿಡವಿದೆ. ಅದಕ್ಕೆ ಹೊರಗಿನಿಂದ ಸಾರಜನಕ ಹೆಚ್ಚಾಗಿ ಒದಗಿದಂತೆಲ್ಲ ಹೂಜಿಗಳು ಕಿರಿದಾಗಿ, ಎಲೆಗಳು ಚಪ್ಪಟೆಯಾಗುತ್ತ ಹೋಗುತ್ತವೆಂದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸಿತು. ಎಂದರೆ, ಕುಳಿತಲ್ಲಿಗೇ ಊಟ ಬಂದರೆ ಗಿಡವೂ ತನ್ನ ವಿದ್ಯೆಯನ್ನು ಬಿಡುತ್ತದೆ! ನಾವು ಯಾವ ವೈಶಿಷ್ಟ್ಯಕ್ಕಾಗಿ ಗಿಡವನ್ನು ತಂದೆವೋ ಅದೇ ಗೊಬ್ಬರದಿಂದ ನಷ್ಟವಾಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಕೃಷಿಯ ಸಂಸ್ಕಾರಕ್ಕೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಮಣ್ಣೆಂದರೆ ಎರಡು: ಎರಿ ಮತ್ತು ಮಸಾರಿ. ಬೈಲಹೊಂಗಲ, ಸವದತ್ತಿಯ ಕಡೆ ಹೋದರೆ ಕಪ್ಪು ಎರೆಭೂಮಿ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಜೋಳ, ಹತ್ತಿ, ಕಡಲೆ ಕೊಡುವ ಭೂಮಿ. ಅದರ ಒಡಲಲ್ಲಿ ಸುಣ್ಣದ ಹರಳುಗಳಿರುತ್ತವೆ. ಬೆಳಗಾವಿ ನಗರದಿಂದ ದಕ್ಷಿಣಕ್ಕೆ, ಖಾನಾಪುರದತ್ತ ಹೋದಂತೆ ಮಣ್ಣು ಕೆಂಪೇರುತ್ತದೆ. ಮಣ್ಣು ಯಾವುದೇ ಇರಲಿ, ಅದಕ್ಕೆ ತಿಪ್ಪೆಗೊಬ್ಬರ ಹಾಕಬೇಕು, ಅದು ಫಲವತ್ತಾಗಬೇಕು ಎಂಬುದು ನಮ್ಮ ಹಿರಿಯರು ನಮಗೆ ಕೊಟ್ಟ ಪಾಠ. ಒಕ್ಕಲುತನಕ್ಕೆ ಅದು ಸರಿಯಾದ ಪಾಠ. ಈ ಒಂದು ಗುಂಪಿನ ಗಿಡಗಳಿಗೆ ಮಾತ್ರ ಅದನ್ನು ತಲೆಕೆಳಗು ಮಾಡಿ ಓದಬೇಕು. ಎರೆಮಣ್ಣು ಬೇಡ, ಅದರಲ್ಲಿ ಸುಣ್ಣವಿದೆ. ತೋಟದ ಮಣ್ಣು ಬೇಡ. ಸೆಗಣಿಗೊಬ್ಬರ, ಎರೆಹುಳು ಗೊಬ್ಬರ, ಬೇವಿನ ಹಿಂಡಿ ಯಾವುದೂ ಬೇಡ. ನರ್ಸರಿಗಳಲ್ಲಿ ಸಿದ್ಧವಾಗಿ ದೊರೆಯುವ ಕುಂಡದ ಮಣ್ಣಿನಲ್ಲಿ ಸಾಮಾನ್ಯವಾಗಿ ಇವೇ ಬೆರೆತಿರುತ್ತವೆ. ಗುಲಾಬಿಗೆ ಹಿತವಾದ ಆ ಮಣ್ಣೇ ಈ ಗಿಡಕ್ಕೆ ಮಾರಕ.

ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಇದಕ್ಕಾಗಿ ಪೀಟ್ ಎಂಬುದನ್ನು ಬಳಸುತ್ತ ಬಂದಿದ್ದಾರೆ. ಶೀತಪ್ರದೇಶದ ಜೌಗು ನೆಲದಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆದು, ಸತ್ತು, ನೀರಿನಡಿಯಲ್ಲಿ ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಶೇಖರವಾದದ್ದೇ ಪೀಟ್. ಅದು ಆಮ್ಲೀಯ, ಪೋಷಕಾಂಶ ಅತ್ಯಲ್ಪ, ನೀರನ್ನು ಹಿಡಿದಿಡುವ ಶಕ್ತಿ ಅಪಾರ. ಅದಕ್ಕೆ ಅಷ್ಟೇ ಪ್ರಮಾಣದ ಪರ್ಲೈಟನ್ನೋ ಸಿಲಿಕಾ ಉಸುಕನ್ನೋ ಬೆರೆಸುವುದು ವಾಡಿಕೆ. ಗಿಡಕ್ಕೆ ಇದು ಒಗ್ಗುತ್ತದೆ, ಸಂದೇಹವಿಲ್ಲ. ಆದರೆ ಒಂದು ಸಣ್ಣ ಲೆಕ್ಕ ಮಾಡಿ. ಪೀಟ್ ಪದರ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ನಿಮ್ಮ ಕುಂಡದ ಆಳ 15 ಸೆಂಟಿಮೀಟರ್ ಎಂದರೆ 150 ಮಿಲಿಮೀಟರ್. ಅಂದರೆ ಒಂದು ಕುಂಡ ತುಂಬಲು ಬೇಕಾದ ಪದರ ರೂಪುಗೊಳ್ಳಲು ಸುಮಾರು 150 ವರ್ಷ! ಡಾರ್ವಿನ್ನನ ಪುಸ್ತಕ ಪ್ರಕಟವಾದಂದಿನಿಂದ ಇಂದಿನವರೆಗಿನ ಕಾಲ. ಭೂಮಿಯ ನೆಲದಲ್ಲಿ ಕೇವಲ ಶೇಕಡಾ 3ರಷ್ಟನ್ನು ಆವರಿಸಿರುವ ಈ ಪೀಟ್ ಪ್ರದೇಶಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹುದುಗಿಸಿಟ್ಟುಕೊಂಡಿವೆ. ಅಗೆದರೆ ಆ ಇಂಗಾಲ ಗಾಳಿಗೆ ಸೇರುತ್ತದೆ. ಹೊರದೇಶದಿಂದ ಹಡಗಿನಲ್ಲಿ ಬರುವ ಇಂಥ ವಸ್ತುವನ್ನು ಒಂದು ಹವ್ಯಾಸಕ್ಕಾಗಿ ಮೂಟೆಗಟ್ಟಲೆ ತರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ನಮ್ಮಲ್ಲಿ ಅದಕ್ಕೆ ಬದಲಿಯಿದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ, ಪೇಟೆಯ ಭಾಷೆಯಲ್ಲಿ ಕೋಕೋಪೀಟ್. ತಿಪಟೂರು, ಅರಸೀಕೆರೆಯಂಥ ತೆಂಗಿನ ಸೀಮೆಯನ್ನು ಹೊಂದಿದ ನಾಡಿಗೆ ಇದು ಹೊರಗಿನ ವಸ್ತುವಲ್ಲ. ಬೆಳಗಾವಿಯ ನರ್ಸರಿಗಳಲ್ಲಿ ಇಟ್ಟಿಗೆಯ ಆಕಾರದಲ್ಲಿ ಒತ್ತಿ ಮಾರುತ್ತಾರೆ. 650 ಗ್ರಾಮಿನ ಒಂದು ಇಟ್ಟಿಗೆ ನೀರಿನಲ್ಲಿ ನೆನೆದರೆ ಎಂಟು ಒಂಬತ್ತು ಲೀಟರಿನಷ್ಟು ಅರಳುತ್ತದೆ. ಆದರೆ ಇದನ್ನು ಹಾಗೆಯೇ ಬಳಸಬಾರದು. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ ಮತ್ತು ಸೋಡಿಯಂ ಲವಣಗಳಿರುತ್ತವೆ. ಕರಾವಳಿಯ ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಆದ್ದರಿಂದ ತೊಳೆಯುವುದೇ ಇಲ್ಲಿ ಮುಖ್ಯವಾದ ಕೆಲಸ.

ತೊಳೆಯುವ ಕ್ರಮ ಹೀಗೆ. ಇಟ್ಟಿಗೆಯನ್ನು ದೊಡ್ಡ ಬಕೆಟ್ಟಿನಲ್ಲಿ ಮಳೆನೀರಿನಲ್ಲಿ ಒಂದು ರಾತ್ರಿ ನೆನೆಯಿಡಿ. ಬೆಳಿಗ್ಗೆ ಹಳೆಯ ಧೋತರದ ತುಂಡಿನಲ್ಲಿ ಸುರಿದು ಹಿಂಡಿ. ಚಹಾದ ಬಣ್ಣದ ನೀರು ಹೊರಬರುತ್ತದೆ. ಮತ್ತೆ ಹೊಸ ನೀರು, ಮತ್ತೆ ನೆನೆಯಿಡುವುದು, ಮತ್ತೆ ಹಿಂಡುವುದು. ಹೀಗೆ ಐದಾರು ಸಲ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಟಿಡಿಎಸ್ ಮಾಪಕವೆಂಬ ಪುಟ್ಟ ಸಾಧನ ಸಿಗುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಆರ್‌ಓ ಯಂತ್ರ ದುರಸ್ತಿಗೆ ಬರುವ ಹುಡುಗನ ಕಿಸೆಯಲ್ಲಿಯೂ ಅದು ಇರುತ್ತದೆ. ಹಿಂಡಿದ ನೀರಿನ ಅಂಕಿ 50ಕ್ಕಿಂತ ಕೆಳಗೆ ಬಂದರೆ ನಿಮ್ಮ ಕೆಲಸ ಮುಗಿಯಿತು.

ಇನ್ನು ಉಸುಕು. ಗಾರೆಗೆ ಬಳಸುವ ಉಸುಕಿನಲ್ಲಿ ಸುಣ್ಣ ಇರಬಹುದು. ಸಮುದ್ರದ ಉಸುಕಂತೂ ಉಪ್ಪು ಮತ್ತು ಚಿಪ್ಪಿನ ಚೂರುಗಳಿಂದಾಗಿ ಬೇಡವೇ ಬೇಡ. ನೀರು ಶೋಧಿಸುವ ಘಟಕಗಳಿಗೆ ಹಾಕುವ ಬಿಳಿಯ ಸಿಲಿಕಾ ಉಸುಕು ಉತ್ತಮ. ಅನುಮಾನವಿದ್ದರೆ ನಾವು ಶಾಲೆಯಲ್ಲಿ ಮಾಡುತ್ತಿದ್ದ ಪರೀಕ್ಷೆಯನ್ನೇ ಮಾಡಿ: ಗಾಜಿನ ಲೋಟದಲ್ಲಿ ಒಂದು ಚಮಚ ಉಸುಕು ಹಾಕಿ, ಮೇಲೆ ವಿನೆಗರ್ ಸುರಿಯಿರಿ. ಗುಳ್ಳೆಗಳೆದ್ದರೆ ಸುಣ್ಣವಿದೆಯೆಂದು ತಿಳಿದು ಅದನ್ನು ಬಿಟ್ಟುಬಿಡಿ. ಗುಳ್ಳೆಯೇಳದ ಉಸುಕನ್ನು ನೀರು ತಿಳಿಯಾಗುವವರೆಗೆ ತೊಳೆದು, ಎರಡು ಪಾಲು ಕೋಕೋಪೀಟಿಗೆ ಒಂದು ಪಾಲಿನಂತೆ ಬೆರೆಸಿ. ಡ್ರಾಸೆರಾ, ಯುಟ್ರಿಕ್ಯುಲೇರಿಯಾಗಳಿಗೆ ಈ ಮಿಶ್ರಣ ಸಾಕು. ನೆಪೆಂಥಿಸ್‌ಗೆ ಮಾತ್ರ ಬೇರಿನ ಸುತ್ತ ಗಾಳಿಯಾಡಬೇಕು. ಅದಕ್ಕೆ ತೊಳೆದ ತೆಂಗಿನ ಸಿಪ್ಪೆಯ ತುಂಡು, ಇದ್ದಲಿನ ಚೂರು, ಪರ್ಲೈಟ್ ಸೇರಿದ ಸಡಿಲವಾದ ಮಿಶ್ರಣ ಬೇಕು, ಮತ್ತು ಅದನ್ನು ನೀರಿನಲ್ಲಿ ನಿಲ್ಲಿಸಬಾರದು. ವೀನಸ್ ಫ್ಲೈಟ್ರ್ಯಾಪ್ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಮೂಲನಿವಾಸಿ. ಅದಕ್ಕೆ ಚಳಿಗಾಲದಲ್ಲಿ ಮೂರು ತಿಂಗಳ ವಿಶ್ರಾಂತಿ ಬೇಕು. ಬೆಳಗಾವಿಯ ಚಳಿ ಅದಕ್ಕೆ ಅಷ್ಟಿಷ್ಟು ಸಾಕಾದೀತು, ಕರಾವಳಿಯಲ್ಲಿ ಅದು ಬಾಳುವುದು ಕಷ್ಟ. ಹೊಸಬರು ಅದರಿಂದ ಆರಂಭಿಸದಿರುವುದೇ ಲೇಸು.

ಕುಂಡದ ಬಗೆಗೂ ಒಂದು ಮಾತು. ಖಾನಾಪುರದ ಮಣ್ಣು ಹಂಚಿಗೆ, ಇಟ್ಟಿಗೆಗೆ, ಕುಂಬಾರಿಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿಯೇ ಸ್ಥಾಪನೆಯಾಯಿತು. ನಮ್ಮ ಮನೆಯ ತುಳಸಿಯಿಂದ ಹಿಡಿದು ಎಲ್ಲ ಗಿಡಗಳಿಗೂ ನಾನು ಮಣ್ಣಿನ ಕುಂಡವನ್ನೇ ಬಳಸುವವನು. ಆದರೂ ಈ ಗಿಡಗಳಿಗೆ ಪ್ಲಾಸ್ಟಿಕ್ ಕುಂಡವೇ ಮೇಲು. ಮೆರುಗಿಲ್ಲದ ಮಣ್ಣಿನ ಕುಂಡದ ಗೋಡೆಯಲ್ಲಿ ನೀರು ಆರಿದಂತೆ ಲವಣ ಸಂಗ್ರಹವಾಗುತ್ತದೆ. ಸಿಮೆಂಟಿನ ಕುಂಡವಂತೂ ಸುಣ್ಣವನ್ನೇ ಬಿಡುತ್ತದೆ.

ಮಣ್ಣು ಸರಿಯಾಗಿದ್ದು ನೀರು ತಪ್ಪಾದರೆ ಎಲ್ಲ ಶ್ರಮ ವ್ಯರ್ಥ. ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವ ಬೆಳಗಾವಿಯ ನಳದ ನೀರು ಕುಡಿಯಲು ಹಿತವಾದದ್ದು. ಆದರೆ ಅದರಲ್ಲಿಯೂ ಕರಗಿದ ಲವಣಗಳಿವೆ, ಶುದ್ಧೀಕರಣದ ಕ್ಲೋರಿನ್ ಇದೆ. ಕೊಳವೆಬಾವಿಯ ನೀರಿನ ಗಡಸುತನವನ್ನು ಸಾಬೂನು ನೊರೆ ಕೊಡದಿರುವುದರಿಂದಲೇ ನೀವು ಬಲ್ಲಿರಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಾಡಿನಿಂದ ಸುರಿಯುವ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ನಾಲ್ಕಾರು ಕುಂಡಗಳಿಗೆ ವರ್ಷವಿಡೀ ಸಾಕು. ಸೊಳ್ಳೆ ಬಾರದಂತೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ. ಮಳೆನೀರು ತೀರಿದರೆ ಆರ್‌ಓ ಯಂತ್ರದ ಶುದ್ಧ ನೀರು ಆದೀತು, ಅದು ಹೊರಚೆಲ್ಲುವ ನೀರಲ್ಲ. ಕೆಲವು ಯಂತ್ರಗಳು ರುಚಿಗಾಗಿ ಲವಣಗಳನ್ನು ಮತ್ತೆ ಸೇರಿಸುತ್ತವೆ. ಅಲ್ಲಿಯೂ ಮಾಪಕದ ಅಂಕಿಯನ್ನು ನೋಡಿಕೊಳ್ಳಿ.

ಇಷ್ಟು ಮಾಡಿದರೆ ಮಣ್ಣಿನ ಪ್ರಶ್ನೆ ಬಗೆಹರಿಯಿತು. ಈಗ ಕಣಕುಂಬಿಯ ಚೀಲಕ್ಕೆ ಬರುತ್ತೇನೆ.

ಖಾನಾಪುರ ತಾಲೂಕಿನ ಜಾಂಬೋಟಿಯಿಂದ ಕಣಕುಂಬಿ, ಚೋರ್ಲಾ ಘಾಟಿನವರೆಗಿನ ಬೆಟ್ಟಸಾಲಿನ ನೆತ್ತಿಗಳನ್ನು ನೋಡಿದವರಿಗೆ ಗೊತ್ತು. ಸುತ್ತ ದಟ್ಟ ಕಾಡು, ಮೇಲೆ ಮಾತ್ರ ಮರವಿಲ್ಲದ ಕಲ್ಲಿನ ಬಯಲು. ಕಾಲಡಿಯಲ್ಲಿರುವುದು ಜಂಬಿಟ್ಟಿಗೆ, ನಮ್ಮ ಗಡಿನಾಡಿನ ಆಡುಮಾತಿನಲ್ಲಿ ಜಾಂಬಾ ಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದಾಗ ಮಲಬಾರಿನಲ್ಲಿ ಈ ಕಲ್ಲನ್ನು ಕಂಡ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಇದನ್ನು ಸ್ಥಳೀಯರು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ಬರೆದುಕೊಂಡ. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಆ ಪದದ ಮೂಲ ನಮ್ಮ ದಕ್ಷಿಣದ ಮಾತುಗಳಲ್ಲಿದೆ ಎಂಬುದು ಸಂತೋಷದ ಸಂಗತಿ.

ಈ ಕಲ್ಲಿನ ಮೇಲೆ ಮಣ್ಣಿನ ಪದರ ಇರುವುದು ಕೆಲವೇ ಅಂಗುಲ. ಎಷ್ಟೋ ಕಡೆ ಒಂದು ಅಂಗುಲವೂ ಇಲ್ಲ. ಬೆಳಗಾವಿ ನಗರದ ಮಳೆಗಿಂತ ಎಷ್ಟೋ ಪಟ್ಟು ಹೆಚ್ಚಿನ ಮಳೆ ಅಲ್ಲಿ ಸುರಿಯುತ್ತದೆ. ಕರಗುವ ಪೋಷಕಾಂಶವೆಲ್ಲ ತೊಳೆದುಹೋಗುತ್ತದೆ. ಉಳಿದ ರಂಜಕವನ್ನು ಜಂಬಿಟ್ಟಿಗೆಯ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ನಾಲ್ಕು ತಿಂಗಳು ನೀರಿನಲ್ಲಿ ನೆನೆದು, ಎಂಟು ತಿಂಗಳು ಕಾದ ಹಂಚಿನಂತಾಗುವ ಈ ನೆಲದಲ್ಲಿ ಯಾವ ದೊಡ್ಡ ಗಿಡವೂ ನಿಲ್ಲಲಾರದು. ಅಲ್ಲಿ ನಿಲ್ಲುವವರು ನಮ್ಮ ಕೀಟಾಹಾರಿಗಳು. ಭಾರತದಲ್ಲಿರುವ ಡ್ರಾಸೆರಾಗಳು ಮೂರು ಪ್ರಭೇದ. ಅವುಗಳಲ್ಲಿ ದಾರದಂಥ ಎಲೆಗಳ ಡ್ರಾಸೆರಾ ಇಂಡಿಕಾವನ್ನು ಮಳೆಗಾಲದ ಕೊನೆಗೆ ಇಂಥ ಬಯಲುಗಳಲ್ಲಿ ಕಾಣಬಹುದು. ಬೆಳಗಿನ ಬಿಸಿಲಿನಲ್ಲಿ ಅದರ ಹನಿಗಳು ಹೊಳೆಯುವುದನ್ನು ಕಂಡೇ ಮರಾಠಿಗರು ಅದನ್ನು ದವಬಿಂದು, ಅಂದರೆ ಇಬ್ಬನಿಯ ಹನಿ, ಎಂದಿರಬೇಕು. ಜೊತೆಗೆ ನೀಲಿ ನೇರಿಳೆ ಹೂಗಳ ಯುಟ್ರಿಕ್ಯುಲೇರಿಯಾಗಳು; ಅವುಗಳಿಗೆ ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂಬರ್ಥದ ಸೀತೇಚೀ ಆಸವೇ ಎಂಬ ಸುಂದರವಾದ ಹೆಸರಿದೆ. ಕಣ್ಣಿಗೆ ಕಾಣುವ ಆ ಕೋಮಲವಾದ ಹೂವಿನ ಕೆಳಗೆ, ಒದ್ದೆ ಮಣ್ಣಿನಲ್ಲಿ, ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ನೀರಿನ ಸೂಕ್ಷ್ಮಜೀವಿಯೊಂದು ಬಾಗಿಲಿನ ರೋಮವನ್ನು ಮುಟ್ಟಿದೊಡನೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಕಾಲದಲ್ಲಿ ಚೀಲ ಅದನ್ನು ಒಳಗೆಳೆದುಕೊಳ್ಳುತ್ತದೆ.

ಈಗ ಯೋಚಿಸಿ. ಅಂಗುಲದ ಲೆಕ್ಕದಲ್ಲಿರುವ ಆ ಮಣ್ಣಿನ ಒಂದು ಚೀಲ ತುಂಬಬೇಕಾದರೆ ಎಷ್ಟು ಚದರಡಿ ನೆಲವನ್ನು ಕೆರೆಯಬೇಕು? ಆ ಪದರದೊಳಗೆ ಇರುವುದು ಬರಿಯ ಮಣ್ಣಲ್ಲ; ಮುಂದಿನ ಮಳೆಗಾಲದಲ್ಲಿ ಮೊಳೆಯಬೇಕಾದ ಬೀಜಗಳು, ನೆಲದ ಆರ್ಕಿಡ್‌ಗಳ ಗೆಡ್ಡೆಗಳು, ಹುಲ್ಲಿನ ಬೇರುಗಳು. ಕೆರೆದ ಜಾಗದಲ್ಲಿ ಉಳಿಯುವುದು ಬೋಳುಕಲ್ಲು. ಗಿಡವನ್ನೇ ಕಿತ್ತು ತಂದರೂ ಲಾಭವಿಲ್ಲ. ಡ್ರಾಸೆರಾ ಇಂಡಿಕಾ ಒಂದೇ ಮಳೆಗಾಲ ಬಾಳುವ ಗಿಡ. ಬೀಜ ಉದುರಿಸಿ, ನೆಲ ಒಣಗುವ ಹೊತ್ತಿಗೆ ಸಾಯುತ್ತದೆ. ಸೆಪ್ಟೆಂಬರಿನಲ್ಲಿ ಕಿತ್ತು ತಂದ ಗಿಡ ಡಿಸೆಂಬರಿನಲ್ಲಿ ನಿಮ್ಮ ಕುಂಡದಲ್ಲಿ ಸಾಯುತ್ತದೆ, ಅಲ್ಲಿ ಉದುರಬೇಕಾಗಿದ್ದ ಬೀಜವೂ ಉದುರಲಿಲ್ಲ. ಬೆಳೆಸಲೇಬೇಕೆಂದಿದ್ದರೆ, ಹವ್ಯಾಸಿಗಳು ತಮ್ಮ ಕುಂಡಗಳಲ್ಲಿಯೇ ಬೆಳೆಸಿ ತೆಗೆದ ಬೀಜವನ್ನು ಕೇಳಿ ಪಡೆಯಿರಿ. ಧೂಳಿನಂಥ ಆ ಬೀಜವನ್ನು ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಬೆಳಕಿಗೆ ಇಟ್ಟರೆ ಸಾಕು. ಕಾನೂನಿನ ಮಾತೂ ಇದೆ. ಇಲ್ಲಿಯ ಬಹುಭಾಗ ಅರಣ್ಯ ಭೂಮಿ. ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಗಿದೆ. ಅಲ್ಲಿಂದ ಗಿಡವನ್ನಾಗಲಿ ಮಣ್ಣನ್ನಾಗಲಿ ಅನುಮತಿಯಿಲ್ಲದೆ ತರುವುದು ಅಪರಾಧ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಫ್ಲೈಟ್ರ್ಯಾಪ್ ಗಿಡಗಳ ಕಳ್ಳತನ ಮಿತಿಮೀರಿ, 2014ರಲ್ಲಿ ಅದನ್ನು ಗಂಭೀರ ಅಪರಾಧವೆಂದು ಪರಿಗಣಿಸಬೇಕಾಯಿತು.

"ಒಂದು ಚೀಲದಿಂದ ಏನಾದೀತು ಸರ್, ಅಲ್ಲಿ ಯಂತ್ರ ಹಚ್ಚಿ ಕಲ್ಲನ್ನೇ ಕೊಯ್ಯುತ್ತಾರಲ್ಲ" ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಜಾಂಬಾ ಕಲ್ಲಿನ ಗಣಿಗಾರಿಕೆಯಿಂದ ಇಂಥ ಬಯಲುಗಳಿಗೆ ಆಗುವ ಹಾನಿ ಒಂದು ಚೀಲದ ಹಾನಿಗಿಂತ ಬಹಳ ದೊಡ್ಡದು. ಆ ಕಲ್ಲಿನಿಂದಲೇ ನಮ್ಮ ಭಾಗದ ಎಷ್ಟೋ ಮನೆಗಳು ಎದ್ದಿವೆ, ಎಷ್ಟೋ ಜನರ ಹೊಟ್ಟೆ ತುಂಬಿದೆ ಎಂಬುದನ್ನೂ ನಾನು ಬಲ್ಲೆ. ಎಲ್ಲಿ ಕೊಯ್ಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಸರಕಾರ ಮತ್ತು ಊರವರು ಕುಳಿತು ನಿರ್ಧರಿಸಬೇಕಾದೀತು. ಆದರೆ ಆ ನಿರ್ಧಾರಕ್ಕೆ ದನಿಗೂಡಿಸಬೇಕಾದವರು ಯಾರು? ಈ ಗಿಡಗಳನ್ನು ಪ್ರೀತಿಸುವವರೇ ಅಲ್ಲವೇ? ಪ್ರೀತಿಸುವವರೇ ಚೀಲ ಹಿಡಿದು ಹೋದರೆ, ಬಯಲಿನ ಪರವಾಗಿ ಮಾತನಾಡುವ ನೈತಿಕ ಬಲ ಅವರಿಗೆ ಎಲ್ಲಿಂದ ಬರಬೇಕು? ಮನೆ ಕಟ್ಟುವವನಿಗೆ ಒಂದು ಅನಿವಾರ್ಯತೆಯಿದೆ. ಕುಂಡ ತುಂಬುವವನಿಗೆ ಆ ಅನಿವಾರ್ಯತೆಯೂ ಇಲ್ಲ. ಮೇಲೆ ಹೇಳಿದ ತೆಂಗಿನ ಪುಡಿ ಅವನ ಕೈಗೆಟುಕುವಲ್ಲಿಯೇ ಇದೆ.

ಇದರ ಹಿಂದೆ ಇನ್ನೊಂದು ದೊಡ್ಡ ತಪ್ಪು ತಿಳುವಳಿಕೆ ಇದೆಯೆಂದು ನನಗೆ ತೋರುತ್ತದೆ. ಬೆಳೆ ಬಾರದ ನೆಲವನ್ನು ನಾವು ಪಾಳು ಎನ್ನುತ್ತೇವೆ. ಕೇಂದ್ರ ಸರಕಾರ 2000ದಲ್ಲಿ ಮೊದಲ ಸಲ ಪ್ರಕಟಿಸಿ, ಅನಂತರವೂ ಪರಿಷ್ಕರಿಸುತ್ತ ಬಂದ ದೇಶದ ಪಾಳುಭೂಮಿಗಳ ಭೂಪಟದಲ್ಲಿ ಬರಡು ಬಂಡೆಯ ಪ್ರದೇಶವೂ ಪಾಳಿನ ಒಂದು ವರ್ಗ. ಹೆಸರು ಪಾಳು ಎಂದಾದ ಮೇಲೆ ಅಲ್ಲಿ ಏನು ಮಾಡಿದರೂ ಅಭಿವೃದ್ಧಿಯೇ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪಠಾರ ಕೂಡ ಇಂಥದೇ ಜಂಬಿಟ್ಟಿಗೆಯ ಬಯಲು. 2012ರಲ್ಲಿ ಪಶ್ಚಿಮ ಘಟ್ಟಗಳ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದೂ ಸೇರಿತು. ಹೂವಿನ ಕಾಲದಲ್ಲಿ ಅಲ್ಲಿ ಪ್ರವೇಶಕ್ಕೆ ಶುಲ್ಕ, ದಿನಕ್ಕೆ ಇಷ್ಟೇ ಜನವೆಂಬ ಮಿತಿ ಬಂದವು. ಪಟ್ಟಿಗೆ ಸೇರದ ನಮ್ಮ ಬಯಲುಗಳು ಅದರ ಬಂಧುಗಳೇ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ನಾವು ತಾಯಿ ಎನ್ನುತ್ತೇವೆ. ಅವಳ ತವರಿನ ನೆಲವನ್ನು ಪಾಳು ಎನ್ನಬಹುದೇ?

ನನ್ನ ಶಿಕ್ಷಕ ಮಿತ್ರರಲ್ಲಿ ಕೊನೆಯದಾಗಿ ಒಂದು ವಿನಂತಿ. ಪಠ್ಯಪುಸ್ತಕದಲ್ಲಿ ಹೂಜಿಗಿಡದ ಚಿತ್ರವಿದೆ. ಬೆಳಗಾವಿಯ ಯಾವ ಮಗುವನ್ನು ಕೇಳಿದರೂ ಅದನ್ನು ಅಂದವಾಗಿ ಬಿಡಿಸಿ, ಭಾಗಗಳನ್ನು ಗುರುತಿಸಿ ಕೊಡುತ್ತದೆ. ಭಾರತದಲ್ಲಿ ಅದು ಸಹಜವಾಗಿ ಬೆಳೆಯುವುದು ದೂರದ ಮೇಘಾಲಯದಲ್ಲಿ. ಮನೆಯಿಂದ ಐವತ್ತು ಕಿಲೋಮೀಟರಿನೊಳಗೆ ಬೆಳೆಯುವ ಡ್ರಾಸೆರಾವನ್ನು ಮಾತ್ರ ಆ ಮಗು ಕಂಡಿರುವುದಿಲ್ಲ. 1990ರ ದಶಕದಲ್ಲಿ ನಾವು ಕೆಂಪು ಬಸ್ಸಿನಲ್ಲಿ ಮಕ್ಕಳನ್ನು ಜಾಂಬೋಟಿಯ ಕಡೆ ಕರೆದೊಯ್ಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದು ಬಂದವರಲ್ಲಿ ಕೆಲವರು ಇಂದು ಇದನ್ನು ಓದುತ್ತಿದ್ದೀರಿ. ಮಾದರಿ ಸಂಗ್ರಹಿಸಿ ತನ್ನಿ ಎಂದು ಮಕ್ಕಳಿಗೆ ಅಂಕದ ಆಸೆ ತೋರಿಸುವ ಪದ್ಧತಿಯನ್ನು ಕೈಬಿಡಬೇಕು. ಕಿತ್ತು ತಂದು ಹಾಳೆಗೆ ಅಂಟಿಸಿದ ಡ್ರಾಸೆರಾದಲ್ಲಿ ಹನಿಯೂ ಇಲ್ಲ, ಬೇಟೆಯೂ ಇಲ್ಲ. ಅದರಿಂದ ಮಗು ಕಲಿಯುವುದೇನು? ಅದರ ಬದಲು ತರಗತಿಯ ಕಿಟಕಿಯಲ್ಲಿ ಎರಡು ಕುಂಡ ಇಡಿಸಿ. ಒಂದರಲ್ಲಿ ತೊಳೆದ ಕೋಕೋಪೀಟ್, ಇನ್ನೊಂದರಲ್ಲಿ ತೊಳೆಯದ್ದು. ಎರಡರಲ್ಲಿಯೂ ಒಂದೇ ಬೀಜ, ಒಂದೇ ಮಳೆನೀರು. ಮಕ್ಕಳೇ ವಾರಕ್ಕೊಮ್ಮೆ ಅಳತೆ ಬರೆದಿಡಲಿ.

ಇನ್ನು ಬಯಲನ್ನು ನೋಡಲೇಬೇಕೆನ್ನುವವರು ಸೆಪ್ಟೆಂಬರ್ ತಿಂಗಳಲ್ಲಿ, ಮಳೆ ಹಿಂದೆಗೆಯುವ ಹೊತ್ತಿಗೆ, ಅರಣ್ಯ ಇಲಾಖೆಯ ಅನುಮತಿ ಬೇಕಾದಲ್ಲಿ ಅದನ್ನು ಪಡೆದು ಹೋಗಿ. ಒಂದು ಭೂತಗನ್ನಡಿ ಒಯ್ಯಿರಿ, ಚೀಲ ಬೇಡ. ಹೆಜ್ಜೆಯಿಡುವಾಗ ಹುಲ್ಲಿನ ಮೇಲಲ್ಲ, ಬರಿಯ ಕಲ್ಲಿನ ಮೇಲೆ ಇಡಿ. ಮಂಡಿಯೂರಿ ಕುಳಿತು ಹತ್ತು ನಿಮಿಷ ನೋಡಿದರೆ, ಒಂದು ಗಿಡವಾದರೂ ಸೊಳ್ಳೆಯನ್ನು ಹಿಡಿದಿರುವುದು ನಿಮಗೆ ಕಂಡೇ ಕಾಣುತ್ತದೆ. ಮಿಶ್ರಣ ತಯಾರಿಸುವಾಗ ಸಂದೇಹ ಬಂದರೆ ಸಂಕೋಚವಿಲ್ಲದೆ ಬರೆದು ಕೇಳಿ. ನನ್ನ ಬಳಿ ತೊಳೆದು ಒಣಗಿಸಿದ ಕೋಕೋಪೀಟ್ ಎರಡು ಡಬ್ಬಿ ಇದೆ. ಬೆಳಗಾವಿಗೆ ಬಂದವರಿಗೆ ಸಂತೋಷದಿಂದ ಕೊಡುತ್ತೇನೆ.